ಹೆಸರು ಕೊರೆಸಿದ ಕ್ಯಾಮರಾ

ಕುಮಟಾದ ರಮಾನಂದನಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಒಂದೇ ವಿಷಯದಲ್ಲಿ: ಯಾರನ್ನೂ ನಂಬಬಾರದು ಎಂಬುದರಲ್ಲಿ. ಮೀನಿನ ಕಿವಿರು ಎತ್ತಿ ನೋಡದೆ ಕೊಳ್ಳುವವರು ಕರಾವಳಿಯಲ್ಲಿ ಯಾರೂ ಇಲ್ಲ, ನಿಜ. ಆದರೆ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಬಡಿದು, ಮೂಸಿ, ಕೊನೆಗೆ ಅಂಗಡಿಯವನ ಮುಖವನ್ನೂ ಒಮ್ಮೆ ತಿರುಗಿಸಿ ನೋಡಿ ಕೊಳ್ಳುವವನು ಅವನೊಬ್ಬನೇ. ಇದರಲ್ಲಿ ಅವನ ತಪ್ಪೇನೂ ಇಲ್ಲವೆನ್ನಿ. ಹೊಟ್ಟೆಪಾಡಿನ ಉದ್ಯೋಗವೇ ಅಂಥದ್ದು. ಅವನು ಸರ್ಕಾರಿ ಬಸ್ಸಿನ ಚೆಕ್ಕಿಂಗ್ ಇನ್‌ಸ್ಪೆಕ್ಟರ್. ದಾರಿ ನಡುವೆ ಕೈ ಅಡ್ಡ ಹಿಡಿದು ಬಸ್ಸು ಹತ್ತಿ, ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಪತ್ತೆ ಹಚ್ಚುವುದರಲ್ಲಿ ಜಿಲ್ಲೆಗೇ ಪ್ರಸಿದ್ಧ. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದನೇ ಹೊರತು ಆ ಕಸುಬನ್ನು ಬಿಡುತ್ತಿರಲಿಲ್ಲ. ಸಾರಿನಲ್ಲಿ ಉಪ್ಪು ಹೆಚ್ಚಾದರೂ ಅದರ ಹಿಂದೆ ಏನೋ ಸಂಚಿದೆಯೆಂದು ಹೆಂಡತಿ ಮಾಲಿನಿಯ ಮುಖ ನೋಡುತ್ತಿದ್ದ.

ಈ ಮಹಾನುಭಾವ ತನ್ನ ಮದುವೆಯಲ್ಲಿ ಮಾಡಿದ ಘನಕಾರ್ಯವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂದು ಫೋಟೊ ತೆಗೆಯುವವನು ರೀಲನ್ನೇ ಹಾಕದೆ ಬರೀ ಬೆಳಕು ಹೊಡೆಯುತ್ತಿದ್ದಾನೆ ಎಂಬ ಗುಮಾನಿ ಮದುಮಗನ ತಲೆಗೆ ಹೊಕ್ಕಿತು. ಧಾರೆ ಮುಗಿದು ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದಾಗ, ಬಾಸಿಂಗ ಕಟ್ಟಿಕೊಂಡೇ ಹೋಗಿ, ಕುರ್ಚಿಯ ಮೇಲಿದ್ದ ಕ್ಯಾಮರಾದ ಬೆನ್ನು ತೆರೆದು ನೋಡಿದ. ರೀಲು ಇತ್ತು. ಬಿಸಿಲು ಬಿದ್ದ ಮೇಲೆ ಅದರಲ್ಲಿ ಮದುವೆ ಇರಲಿಲ್ಲ. ಹಾಗಾಗಿ ಮಾಲಿನಿಗೆ ತನ್ನ ಮದುವೆಯದೆಂದು ತೋರಿಸಲು ಒಂದೇ ಒಂದು ಫೋಟೊ ಇಲ್ಲ. ಅಪ್ಪ ತೀರಿಕೊಳ್ಳುವ ಮೊದಲು ಅವಳ ಕೈ ಹಿಡಿದು ಧಾರೆ ಎರೆದದ್ದು ಅವಳ ನೆನಪಿನಲ್ಲಷ್ಟೇ ಉಳಿದಿದೆ.

ಈಗ ಮಾವಳ್ಳಿಯ ತವರಿನಲ್ಲಿ ಅವಳ ತಂಗಿ ರಂಜಿತಾಳ ಮದುವೆ ನಿಶ್ಚಯವಾಗಿತ್ತು. ಅಪ್ಪನಿಲ್ಲದ ಮನೆ, ಹಿರಿಮಗಳೇ ಎಲ್ಲಕ್ಕೂ ಓಡಾಡಬೇಕು. ಕುಮಟಾದ ಸ್ಟುಡಿಯೋ ದಿವಾಕರನನ್ನು ಫೋಟೊಕ್ಕೆ ಗೊತ್ತು ಮಾಡೋಣ ಎಂದಳು. ರಮಾನಂದ ಹಾವು ತುಳಿದವನಂತೆ ಎದ್ದು ಕುಳಿತ.

"ದಿವಾಕರನಾ? ಒಂದೇ ಪಟವ ಮೂರು ಬದಿಯಿಂದ ತೆಗ್ದು ಆಲ್ಬಮ್ ದಪ್ಪ ಮಾಡೂ ಗಿರಾಕಿ ಅವ."

"ನೀವು ನೋಡಿದ್ರಾ?"

"ನೋಡುಕೆ ಎಂತ ಅದೆ? ಮುಖ ನೋಡಿದ್ರೆ ಗೊತ್ತಾಗ್ತದೆ. ಯಾರೂ ಬೇಡ. ನಾನೇ ಡಿಜಿಟಲ್ ಕ್ಯಾಮರಾ ತರ್ತೆ, ನಾನೇ ತೆಗಿತೆ. ಅದ್ರಲ್ಲಿ ರೀಲೇ ಇಲ್ಲ ಮಾರಾಯ್ತಿ. ತೆಗ್ದ ಕೂಡ್ಲೆ ಹಿಂದೆ ಕಾಣ್ತದೆ. ಯಾರೂ ಮೋಸ ಮಾಡುಕಾಗೂದಿಲ್ಲ."

"ನನ್ನ ಮದ್ವಿದಂತೂ ಹೋಯ್ತು. ರಂಜಿತಂಗಾದ್ರೂ ನಾಕು ಪಟ ಇರ್ಲಿ. ನಾ ಕೇಳೂದು ಅಷ್ಟೇ," ಎಂದಳು ಮಾಲಿನಿ. ಅವಳು ಮತ್ತೆ ವಾದಿಸಲಿಲ್ಲ. (ಹೆಂಡತಿ ವಾದಿಸದೆ ಸುಮ್ಮನಾದಾಗ ಗಂಡನಾದವನು ಹುಷಾರಾಗಬೇಕು. ಎಲ್ಲರ ಮೇಲೂ ಸಂಶಯಪಡುವ ರಮಾನಂದನಿಗೆ ಆ ಕ್ಷಣದಲ್ಲಿ ಮಾತ್ರ ಯಾವ ಸಂಶಯವೂ ಬರಲಿಲ್ಲ.)

ಎರಡು ಸಾವಿರದ ಐದನೇ ಇಸವಿಯ ಮಾತು ಇದು. ಪರದೇಶದ ಮಾಲು ಬೇಕೆಂದರೆ ಜನ ಭಟ್ಕಳದ ಬಸ್ಸು ಹತ್ತುತ್ತಿದ್ದರು. ರಮಾನಂದನೂ ಹೋದ. ಅಂಗಡಿಯ ಸಾಹೇಬರು ಸಭ್ಯರು. ಚಹಾ ತರಿಸಿದರು. ಬಿಟ್ಟಿ ಚಹಾದ ಹಿಂದೆ ಏನೋ ಇದೆಯೆಂದು ಇವನು ಕುಡಿಯಲಿಲ್ಲ. ಕ್ಯಾಮರಾದಿಂದ ಸಾಹೇಬರ ಫೋಟೊ ತೆಗೆದ, ಬೀದಿಯ ಫೋಟೊ ತೆಗೆದ, ಕುಡಿಯದ ಚಹಾದ ಫೋಟೊವನ್ನೂ ತೆಗೆದ. ಎಲ್ಲವೂ ಕನ್ನಡಿ ಹಿಡಿದಂತೆ ಬಂದವು.

"ಒಂದು ವರ್ಷ ಗ್ಯಾರಂಟಿ ಉಂಟು ಸಾಹೇಬ್ರೆ. ಕಾರ್ಡ್ ಜೋಪಾನ ಇಟ್ಕೊಳ್ಳಿ. ಏನಾದ್ರೂ ಆದ್ರೆ ನಾನೇ ಹುಬ್ಳಿಗೆ ಕಳ್ಸಿ ಸರಿ ಮಾಡಿಸಿ ಕೊಡ್ತೇನೆ," ಎಂದರು ಸಾಹೇಬರು.

"ಏನಾದ್ರೂ ಆದ್ರೆ ಅಂದ್ರೆ ಎಂತ? ಆಗ್ತದೆ ಹೇಳಿ ನಿಮಗೆ ಮೊದ್ಲೇ ಗೊತ್ತದ್ಯಾ?" ಎಂದು ಕೇಳಿ, ಅವರು ನಕ್ಕದ್ದನ್ನೂ ಮನಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡು ಬಂದ.

ಆ 'ಏನಾದರೂ' ಆಗಿಯೇ ಬಿಟ್ಟಿತು. ಕೆಲವು ದಿನ ಸುಖವಾಗಿದ್ದ ಕ್ಯಾಮರಾಕ್ಕೆ ಒಂದು ಬೆಳಿಗ್ಗೆ ಗ್ರಹಚಾರ ಹಿಡಿಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಾಲಿನಿಯ ಫೋಟೊ ತೆಗೆದರೆ ಅವಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದಳು. ತೆಂಗಿನಮರ ಬದನೆಕಾಯಿ, ಆಕಾಶ ಬದನೆಕಾಯಿ, ನೆರೆಮನೆಯ ಬಿಳಿ ದನವೂ ಬದನೆಕಾಯಿ. ಮೇಲಿಂದ ಕೆಳಗೆ ಯಾರೋ ಬಾಚಣಿಗೆಯಿಂದ ಬಾಚಿದಂತೆ ಗೆರೆಗಳು.

"ಈ ಬಣ್ಣದ ಮದುಮಗಳ್ನ ಕಂಡ್ರೆ ಗಂಡಿನ ಕಡೆಯವ್ರು ಎದ್ದು ಹೋಗ್ತ್ರು," ಎಂದಳು ಮಾಲಿನಿ.

ಅಂದೇ ಭಟ್ಕಳಕ್ಕೆ ಧಾವಿಸಿದ. ಸಾಹೇಬರು ನೊಂದುಕೊಂಡು ಅದನ್ನು ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಕಳಿಸಿದರು. ಅದು ಅಲ್ಲಿ ವನವಾಸ ಮಾಡಿತು. ಫೋನು ಮಾಡಿದರೆ ಮೊದಲು ಹಿಂದಿಯಲ್ಲಿ ಒಬ್ಬಳು ಒಂದು ಒತ್ತಿ ಎನ್ನುವಳು, ಒತ್ತಿದರೆ ಎರಡು ಒತ್ತಿ ಎನ್ನುವಳು, ಅದನ್ನೂ ಒತ್ತಿದರೆ ಪಿಟೀಲು ಶುರುವಾಗುವುದು. ನಮ್ಮ ಮೇಲೆ ನಿಮಗಿರುವ ವಿಶ್ವಾಸಕ್ಕೆ ಧನ್ಯವಾದ ಎಂದು ನಡುನಡುವೆ ಹೇಳುವಳು. "ಯಾರಿಗೆ ಅದೆ ವಿಶ್ವಾಸ?" ಎಂದು ರಮಾನಂದ ಯಂತ್ರದ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದ. ಕೊನೆಗೊಂದು ದಿನ ಕ್ಯಾಮರಾ ಮರಳಿ ಬಂತು. ಜೊತೆಗಿದ್ದ ಚೀಟಿಯಲ್ಲಿ 'ಪರೀಕ್ಷಿಸಲಾಗಿದೆ, ಯಾವ ದೋಷವೂ ಕಂಡುಬಂದಿಲ್ಲ' ಎಂದಿತ್ತು. ಮನೆಗೆ ಬಂದು ತೆಗೆದರೆ ಮಾಲಿನಿ ಮೊದಲಿಗಿಂತ ಒಳ್ಳೆ ಬಲಿತ ಬದನೆಕಾಯಿಯಾಗಿದ್ದಳು.

ಬೇರೆಯವರಾಗಿದ್ದರೆ ರಿಪೇರಿ ಮಾಡಿಲ್ಲವೆಂದು ಸಿಟ್ಟಾಗುತ್ತಿದ್ದರು. ರಮಾನಂದನ ಬುದ್ಧಿ ಅಷ್ಟು ಸಪಾಟು ನೆಲದಲ್ಲಿ ಓಡುವುದಲ್ಲ. ಅವನು ಕ್ಯಾಮರಾವನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತೀರ್ಪು ಕೊಟ್ಟ:

"ಇದು ನಮ್ದಲ್ಲ."

"ಮತ್ತೆ ಯಾರದ್ದು?"

"ನಮ್ಮ ಒಳ್ಳೇದ್ನ ಇಟ್ಕಂಡು ಯಾರದ್ದೋ ಹಾಳಾದದ್ದು ಕಳ್ಸಿದ್ದಾರೆ. ನಮ್ಮದ್ರ ಮೂಲೆಲಿ ಒಂದು ಗೀರು ಇತ್ತು."

"ನಮ್ದೂ ಹಾಳಾದದ್ದೇ ಆಗಿತ್ತಲ್ರಾ. ಹಾಳಾದದ್ದು ಕೊಟ್ಟು ಹಾಳಾದದ್ದು ತಂದ್ರೆ ಲುಕ್ಸಾನ್ ಎಂತ?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ತನ್ನ ಘನತೆಗೆ ತಕ್ಕದ್ದಲ್ಲವೆಂದು ಅವನು ಕ್ಯಾಮರಾವನ್ನು ಮಗುಚಿದ. ಅಡಿಯಲ್ಲಿ ಸಣ್ಣ ಅಕ್ಷರಗಳ ಒಂದು ಬಿಳಿ ಚೀಟಿ ಅಂಟಿಸಿದ್ದರು. ಚೀಟಿ ಅಂಟಿಸಿದ್ದಾರೆಂದರೆ ಅದರಡಿಯಲ್ಲಿ ಏನನ್ನೋ ಮುಚ್ಚಿದ್ದಾರೆ! ಸೀಮೆಎಣ್ಣೆ ಹಚ್ಚಿ, ಉಗುರಿನಿಂದ ಕೆರೆದು, ಆ ಚೀಟಿಯನ್ನು ನಿರ್ನಾಮ ಮಾಡಿದ. ಅಡಿಯಲ್ಲಿ ಬರೀ ಹೊಳೆಯುವ ತಗಡು ಇತ್ತು. ಅದನ್ನು ಕಂಡದ್ದೇ ಅವನಿಗೆ ದಿವ್ಯಜ್ಞಾನವಾಯಿತು.

ನಮ್ಮ ಕಡೆ ಹೆಸರು ಕೊರೆಸದ ಪಾತ್ರೆಯನ್ನು ಯಾರೂ ಮನೆಯಿಂದ ಹೊರಗೆ ಬಿಡುವುದಿಲ್ಲ. ನೆರೆಮನೆಯ ಪೂಜೆಗೆ ಕೊಟ್ಟ ಹಂಡೆ, ಹೊಳೆಯಾಚೆಯ ಮದುವೆಗೆ ಕೊಟ್ಟ ಕೊಳದಪ್ಪಲೆ, ಎಲ್ಲವೂ ಮನೆಯ ಹೆಸರು ಹೊತ್ತೇ ಹೋಗಿ, ಆ ಹೆಸರಿನ ಬಲದಿಂದಲೇ ತಿರುಗಿ ಬರುತ್ತವೆ. ಒಂದು ಚಮಚಕ್ಕೆ ಸಿಗುವ ಭದ್ರತೆ ಇಷ್ಟು ದುಬಾರಿ ಕ್ಯಾಮರಾಕ್ಕೆ ಬೇಡವೇ? ರಮಾನಂದ ನೇರವಾಗಿ ಪೇಟೆಯ ಪಾತ್ರೆ ಅಂಗಡಿಗೆ ನಡೆದ. ಅಲ್ಲಿ ಹೆಸರು ಕೊರೆಯುವ ನಾಗಪತಿ ಕ್ಯಾಮರಾವನ್ನು ಎರಡು ಸಲ ತಿರುಗಿಸಿ ನೋಡಿದ.

"ಇದ್ರಲ್ಲಿ ಎಂತ ಬೇಯಿಸ್ತ್ರಿ?"

"ಹೆಚ್ಚು ಮಾತು ಬೇಡ. ತಳಕ್ಕೆ ಹಾಕು. ದೊಡ್ಡದಾಗಿ ಹಾಕು. ಆಳವಾಗಿ ಹಾಕು."

ಕೊರೆಯುವ ಮಿಷಿನ್ನು ಟರ್‍ರ್ ಎಂದಿತು. 'ರಮಾನಂದ ನಾಯ್ಕ, ಕುಮಟಾ' ಎಂಬ ಬರಹ ಆ ತಗಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶಿಲಾಶಾಸನದಂತೆ ಮೂಡಿತು. ಜಾಗ ಉಳಿದದ್ದಕ್ಕೆ ಒಂದು ಕಮಲದ ಹೂವನ್ನೂ ನಾಗಪತಿ ಬಿಟ್ಟಿಯಾಗಿ ಕೊರೆದು ಕೊಟ್ಟ. ಇನ್ನು ಹುಬ್ಬಳ್ಳಿಯವರಲ್ಲ, ಅವರ ಅಪ್ಪ ಬಂದರೂ ಇದನ್ನು ಬದಲಾಯಿಸಲಾರರು ಎಂದು ರಮಾನಂದ ಎದೆಯುಬ್ಬಿಸಿ ಮನೆಗೆ ಬಂದ.

ಆ ವಾರವೇ ಭಟ್ಕಳದಿಂದ ಫೋನು ಬಂತು. ಸಾಹೇಬರ ದನಿಯಲ್ಲಿ ಸಂಭ್ರಮವಿತ್ತು. "ಸಾಹೇಬ್ರೆ, ನಿಮ್ದು ಕೆಲಸ ಆಯ್ತು. ಆ ನಮೂನೆ ಕ್ಯಾಮರಾದಲ್ಲೆಲ್ಲ ಕಂಪನಿಯದೇ ತಪ್ಪಂತೆ, ಒಳಗಿನ ಒಂದು ಸಾಮಾನೇ ಕೆಟ್ಟದ್ದಂತೆ. ಕಂಪನಿ ಒಪ್ಪಿಕೊಂಡಿದೆ. ಹಳೇದು ಕೊಟ್ರೆ ಹೊಸದು ಕೊಡ್ತಾರೆ. ಕಾರ್ಡ್ ಹಿಡ್ಕೊಂಡು ನೀವೇ ಹುಬ್ಳಿಗೆ ಹೋಗ್ಬೇಕು."

ರಮಾನಂದ ಫೋನಿಟ್ಟು ಗಂಭೀರನಾದ. "ತಪ್ಪು ಒಪ್ಪಿಕೊಳ್ಳೂ ಕಂಪನಿ ಎಲ್ಲಾದ್ರೂ ಇರ್ತದ್ಯಾ? ಇದ್ರಲ್ಲಿ ಎಂತದೋ ಅದೆ."

"ಎಂತ ಇದ್ರೂ ಇರ್ಲಿ. ಹೋಗಿ ಬನ್ನಿ. ಮದ್ವೆ ಹತ್ರ ಬಂತು," ಎಂದು ಮಾಲಿನಿ ಅವಲಕ್ಕಿ ಕಟ್ಟಿ ಕೊಟ್ಟು ಬಸ್ಸು ಹತ್ತಿಸಿದಳು. ದೇವಿಮನೆ ಘಟ್ಟ ಹತ್ತುವಾಗ ಅವನು ರಜೆಯಲ್ಲಿದ್ದರೂ ತಡೆಯಲಾಗದೆ ಪಕ್ಕದವನ ಟಿಕೆಟ್ಟನ್ನು ಓರೆಗಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡ.

ಹುಬ್ಬಳ್ಳಿಯಲ್ಲಿ ಸಾಲು ನಿಂತಿತ್ತು. ಸಾಹೇಬರು ಹೇಳಿದ್ದು ಅಕ್ಷರಶಃ ಸತ್ಯ. ಮುಂದಿದ್ದವರೆಲ್ಲ ಹಳೆಯ ಬದನೆಕಾಯಿಗಳನ್ನು ಕೊಟ್ಟು, ಕಟ್ಟು ಬಿಚ್ಚದ ಹೊಸ ಪೆಟ್ಟಿಗೆ ಹಿಡಿದು ನಗುತ್ತ ಹೋಗುತ್ತಿದ್ದರು. ಜಗತ್ತು ಇಷ್ಟು ಪ್ರಾಮಾಣಿಕವಾಗಿರುವುದನ್ನು ಕಣ್ಣಾರೆ ಕಂಡು ರಮಾನಂದನಿಗೆ ತುಸು ಮುಜುಗರವೇ ಆಯಿತು. ಅವನ ಸರದಿ ಬಂತು. ಕೌಂಟರಿನ ಹುಡುಗಿ ಕಾರ್ಡು ನೋಡಿದಳು, ಕ್ಯಾಮರಾ ಮಗುಚಿದಳು, ಹುಬ್ಬು ಏರಿಸಿದಳು.

"ನಂಬರ್ ಎಲ್ಲೈತ್ರಿ?"

"ಯಾವ ನಂಬರು?"

"ತಳದಾಗ ಚೀಟಿ ಇರ್ತೈತಲ್ರಿ, ಅದರ ಮ್ಯಾಲಿಂದು. ಕಾರ್ಡಿನ ನಂಬರ್ ಅದಕ್ಕ ಹೊಂದಬೇಕು. ಇಲ್ಲಿ ನೋಡಿದ್ರ ಹೂವು ಐತಿ."

"ಅದು... ಇತ್ತು. ಇಲ್ಲೇ ಇತ್ತು. ಮೊನ್ನೆವರೆಗೂ ಇತ್ತು."

"ಈಗ ಎಲ್ಲಿ ಹೋತ್ರಿ?"

"ಎಲ್ಲೋ ಬಿತ್ತು ಕಾಣ್ತದೆ."

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಈ ಮಾತನ್ನು ಅವನು ತನ್ನ ಸರ್ವಿಸಿನುದ್ದಕ್ಕೂ ಕೇಳಿದ್ದ. ಇಲ್ಲೇ ಇತ್ತು, ಎಲ್ಲೋ ಬಿತ್ತು ಎಂದು ಕಿಸೆ ತಡಕುವ ಪ್ರತಿಯೊಬ್ಬನಿಂದಲೂ ಅವನು ದಂಡ ವಸೂಲಿ ಮಾಡಿದ್ದ. ಈಗ ತನ್ನ ಕೈ ತನಗೆ ತಿಳಿಯದೆಯೇ ಕಿಸೆ ತಡಕುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದನ್ನೇ.

"ಕಳುವಿನ ಮಾಲು ತರೋರು ಮೊದ್ಲ ನಂಬರ್ ಕೆರದಿರ್ತಾರ್ರಿ," ಎಂದಳು ಹುಡುಗಿ ಮೆತ್ತಗೆ.

"ಎಂತ ಹೇಳ್ತ್ರಿ ನೀವು? ನನ್ನ ಹೆಸ್ರು ಅದೆಯಲ್ಲ ಅದ್ರ ಮೇಲೆ! ನನ್ನ ಕಂಡ್ರೆ ಕಳ್ಳನ ಹಾಗೆ ಕಾಣ್ತದ್ಯಾ?"

ಹುಡುಗಿ ತಲೆಯೆತ್ತಿ ಅವನ ಮುಖ ನೋಡಿದಳು. ಆತುರವಿಲ್ಲದೆ, ಹಣೆಯಿಂದ ಗಲ್ಲದವರೆಗೆ, ಥೇಟು ರಮಾನಂದ ಬಸ್ಸಿನಲ್ಲಿ ನೋಡುವಂತೆಯೇ ನೋಡಿದಳು. ಸಾಲಿನಲ್ಲಿದ್ದವರು ತಮ್ಮ ತಮ್ಮ ಚೀಲಗಳನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು. ರಮಾನಂದ ಫೋನು ಮಾಡಿ ಕೊಟ್ಟಾಗ ಭಟ್ಕಳದ ಸಾಹೇಬರು, "ಅವ್ರು ತುಂಬ ಒಳ್ಳೆಯವ್ರು, ನಾನೇ ಮಾರಿದ್ದು," ಎಂದು ಪರಿಪರಿಯಾಗಿ ಜಾಮೀನು ನಿಂತರು. (ಚಹಾ ಕುಡಿಯದವನ ಪರವಾಗಿ!) ಕಂಪನಿಯ ರೂಲು ರೂಲೇ. ಕ್ಯಾಮರಾ, ಹೂವಿನ ಸಮೇತ, ಅವನ ಕೈಗೆ ಮರಳಿತು.

ಬರುವಾಗ ಬಸ್ಸಿನಲ್ಲಿ ಅವನು ಯಾರ ಟಿಕೆಟ್ಟನ್ನೂ ನೋಡಲಿಲ್ಲ. ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ತನ್ನ ಮದುವೆಯ ಫೋಟೊ ಸುಟ್ಟದ್ದು ಸಾಲದೆಂಬಂತೆ ಈಗ ಅವಳ ತಂಗಿಯದ್ದೂ ಹೋಯಿತು, ಮಾಲಿನಿಗೆ ಯಾವ ಬಾಯಲ್ಲಿ ಹೇಳುವುದು? ಮನೆಗೆ ಬಂದು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಹೆಸರುಬೇಳೆ ಆರಿಸುತ್ತಲೇ ಇದ್ದಳು.

"ನಾಳೆ ದಿವಾಕರನ ಕೈಕಾಲು ಹಿಡಿತೆ. ಬೇರೆ ಮದ್ವೆ ಒಪ್ಪಿಕೊಂಡಿರ್ತಾನೋ ಏನೋ," ಎಂದ ರಮಾನಂದ.

"ಕಾಲು ಹಿಡಿಯೂದು ಬೇಡ. ಅವಂಗೆ ಹೇಳಿ ಆತು."

"ಯಾವಾಗ? ಇವತ್ತಾ?"

"ನೀವು ಕ್ಯಾಮರಾ ತರ್ತೆ ಅಂದ್ರಲ್ಲ, ಅದರ ಮಾರನೇ ದಿವ್ಸ."

ಆಗಿನ್ನೂ ಕ್ಯಾಮರಾ ಅಂಗಡಿಯಲ್ಲೇ ಇತ್ತು. ಬದನೆಕಾಯಿಯ ಸುದ್ದಿಯೇ ಇರಲಿಲ್ಲ. ರಮಾನಂದನಿಗೆ ಹುಬ್ಬಳ್ಳಿಯ ಹುಡುಗಿಯ ನೋಟಕ್ಕಿಂತ ಇದು ಹೆಚ್ಚು ಚುಚ್ಚಿತು.

"ನನ್ನ ಮೇಲೆ ನಿನಗೆ ಅಷ್ಟೂ ನಂಬಿಕೆ ಇಲ್ವನೆ?"

"ಇಲ್ದೆ ಎಂತ! ನೀವು ಹಾಳು ಮಾಡೇ ಮಾಡ್ತ್ರಿ ಹೇಳಿ ಪೂರಾ ನಂಬಿಕೆ ಇತ್ತು. ಆದ್ರೆ ದಿವಾಕರ ಒಂದು ಕರಾರು ಹಾಕಿದ್ದಾನೆ."

"ಎಂತದು?"

"ಮದ್ವೆ ದಿವ್ಸ ನಿಮ್ಮನ್ನ ಅವನ ಕ್ಯಾಮರಾದ ಹತ್ರ ಒಬ್ರನ್ನೇ ಬಿಡುಕಾಗ ಅಂತೆ. ನಾ ಒಪ್ಪಿಕೊಂಡಿದ್ದೆ."

ಮದುವೆ ಸಾಂಗವಾಗಿ ನಡೆಯಿತು. ಮಾಲಿನಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ದಿವಾಕರನ ಆಲ್ಬಮ್ ಬಂದಾಗ ಓಣಿಯ ಹೆಂಗಸರೆಲ್ಲ ಮನೆಯಲ್ಲಿ ಸೇರಿದರು. ರಂಜಿತಾ ಗೊಂಬೆಯಂತೆ ಬಂದಿದ್ದಳು. ಧಾರೆಯ ಫೋಟೊದಲ್ಲಿ, ಆರತಿಯಲ್ಲಿ, ಊಟದ ಪಂಕ್ತಿಯಲ್ಲಿ, ದಿಬ್ಬಣದ ಬಸ್ಸು ಹತ್ತುವಲ್ಲಿ, ಎಲ್ಲ ಕಡೆಯೂ ಮಾಲಿನಿ ಬಾಯ್ತುಂಬ ನಗುತ್ತಿದ್ದಳು, ಎಲ್ಲ ಕಡೆಯೂ ಗಂಡನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನೋಡ್ರೆ, ಈ ವಯಸ್ಸಲ್ಲೂ ಎಷ್ಟು ಪ್ರೀತಿ! ಒಂದು ಗಳಿಗೆ ಕೈ ಬಿಟ್ಟಿಲ್ಲ," ಎಂದಳು ಹೊನ್ನಾವರದಿಂದ ಬಂದಿದ್ದ ಮಾಲಿನಿಯ ಸೋದರತ್ತೆ, ಕಣ್ಣೊರೆಸಿಕೊಂಡು.

ರಮಾನಂದ ಎಲ್ಲರಿಗೂ ಚಹಾ ತರಲು ಒಳಗೆ ಹೋದ.