ಒಂದೇ ಕಾಲಿನ ಚಪ್ಪಲಿ ಮತ್ತು ಮೂವರು ಗುರುಗಳು

ನಾಯಿ ಸಾಕಿದ ಮನೆಯಲ್ಲಿ ನಗುವುದಕ್ಕೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವ ಪಾಳಿ ಮಾತ್ರ ಹೆಚ್ಚಾಗಿ ಪಕ್ಕದ ಮನೆಯವರದು.

ಮಸ್ಕಿಯಲ್ಲಿ ನಮ್ಮದು ಬಾಡಿಗೆ ಮನೆ. ನಮ್ಮ ನಾಯಿ ಕಚ್ಚುವುದಿಲ್ಲ, ಬೊಗಳುವುದೂ ಕಡಿಮೆ. ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯಲ್ಲಿ ಒಂದನ್ನು, ಒಂದನ್ನು ಮಾತ್ರ, ಎತ್ತಿಕೊಂಡು ಹೋಗುವುದು ಅದರ ಚಟ. ಬೀಗರು, ಮೀಟರ್ ನೋಡುವವನು, ಎಲ್ಲರೂ ನಮ್ಮ ಅಂಗಳದಲ್ಲಿ ಒಮ್ಮೆಯಾದರೂ ಕುಂಟಿದ್ದಾರೆ. ಕೊನೆಗೆ ಮನೆ ಮಾಲೀಕರ ಹೊಸ ಚಪ್ಪಲಿ ಬಾರು ಕಿತ್ತು ಹಿತ್ತಲಲ್ಲಿ ಸಿಕ್ಕಿತು.

"ಒಂದ್ ತಿಂಗಳು ಟೈಮ್ ಕೊಡ್ತೀನ್ರೀ ಮೇಡಮ್ಮೋರೆ. ಇದಕ್ಕ ಬುದ್ಧಿ ಬರಲಿಲ್ಲಂದ್ರ ನಾಯಿಯರ ಹೋಗಬೇಕು, ಇಲ್ಲಾ ನೀವರ ಹೋಗಬೇಕು" ಅಂದರು ಮಾಲೀಕರು.

ನಾಯಿಯನ್ನು ದಢೇಸುಗೂರಿನ ನನ್ನ ತಮ್ಮನ ಗದ್ದೆಗೆ ಕಳಿಸುವುದೆಂದು ನಮ್ಮ ಮನೆಯವರು ತೀರ್ಮಾನಿಸಿದರು. ಒಂಬತ್ತನೇ ಕ್ಲಾಸಿನ ಮಗಳು ಅತ್ತು ಮುಗಿಸಿ ತನ್ನ ಬ್ಯಾಗನ್ನೂ ತುಂಬಿಟ್ಟಳು. "ನನ್ನೂ ಅಲ್ಲೇ ಸಾಲಿಗೆ ಹಚ್ಚಿಬಿಡ್ರಿ" ಅಂದಳು. ನಾಯಿಗೆ ಕಲಿಸುವವರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಸಿಂಧನೂರಿನ ಗುರು

ಇವರು ಎಂಥ ನಾಯಿಗೂ ಶಿಸ್ತು ಕಲಿಸುತ್ತಾರೆಂದು ಯಾರೋ ಹೇಳಿದ್ದರು. ಭಾನುವಾರ ಹೋದೆವು. ಗೇಟಿನೊಳಗೆ ಎಮ್ಮೆಕರುವಿನಷ್ಟು ದೊಡ್ಡ ನಾಯಿ ನಿಂತಿತ್ತು. ಗುರುಗಳು ಮಾಳಿಗೆಯ ಮೇಲಿಂದ ಇಣುಕಿದರು.

"ಒಂದೀಟು ತಡೀರಿ, ನಮ್ಮಾಕಿ ಸಂತಿಗೆ ಹೋಗ್ಯಾಳ. ಬಂದು ಗೇಟ್ ತೆಗೀತಾಳ."

"ನೀವೇ ಇಳಿದು ಬರ್ರಲ್ಲ" ಅಂದೆ.

"ಬರಾಕ ಬಿಡಬೇಕಲ್ರೀ ಅದು? ಆಕಿ ಮಾತಷ್ಟ ಕೇಳತೈತಿ."

ಹಾಗಾದರೆ ಅವರ ಹೆಂಡತಿಯೇ ನಮ್ಮ ನಾಯಿಗೂ ಕಲಿಸಬಹುದಾ ಎಂದು ಕೇಳಿದೆ. "ಆಕಿಗೆ ಪುರಸೊತ್ತಿಲ್ರೀ. ಅದಕ್ಕ ಈ ಕೆಲಸ ನಾ ಮಾಡಾಕತ್ತೀನಿ" ಅಂದರು.

ಲಿಂಗಸುಗೂರಿನ ಗುರು

ಇವರು ಮನೆಗೇ ಬಂದರು. ಹೆಗಲಿಗೆ ಬ್ಯಾಗು, ಕೈಯಲ್ಲಿ ನೋಟ್‌ಬುಕ್ಕು. ಮೊದಲು ನಾಯಿಯ ನಡವಳಿಕೆಯನ್ನು ಒಂದು ತಾಸು ಸುಮ್ಮನೆ ನೋಡಬೇಕು ಅಂದರು. ತಾಸು ಬೇಕಾಗಲಿಲ್ಲ. ಐದು ನಿಮಿಷದಲ್ಲಿ ನಾಯಿ ಅವರದೇ ಬೂಟು ಕಚ್ಚಿಕೊಂಡು ಹಿತ್ತಲಿಗೆ ಹೋಯಿತು. ಹಿಂದೆಯೇ ಹೋದೆವು.

ಹಿತ್ತಲಲ್ಲಿ ನಮ್ಮ ಅತ್ತೆ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ ಪಕ್ಕದ ಬುಟ್ಟಿಯಿಂದ ಒಂದು ತುಣುಕು ರೊಟ್ಟಿ ಮುರಿದು ನಾಯಿಗೆ ಕೊಟ್ಟರು, ಬೂಟು ಇಸಿದುಕೊಂಡರು.

"ಎಷ್ಟು ದಿನದಿಂದ ಹಿಂಗ ಮಾಡಾಕತ್ತೀರಿ ಅಮ್ಮಾ?" ಗುರುಗಳ ದನಿ ಸಣ್ಣಗಾಗಿತ್ತು.

"ಎರಡು ವರ್ಷ ಆತಪ. ರೊಟ್ಟಿ ಕೊಡಲಿಲ್ಲಂದ್ರ ಹರಿದು ಹಾಕತೈತಲ್ಲ! ಮಾಲಕರ ಚಪ್ಲಿ ಹೋದ ದಿನ ನಾನು ಪಾಮನಕಲ್ಲೂರಿಗೆ ಹೋಗಿದ್ದೆ. ಅದಕ್ಕ ಹಂಗಾತು."

ಗುರುಗಳು ನೋಟ್‌ಬುಕ್ಕು ಮುಚ್ಚಿದರು. "ಕಲಿಸೋರು ಮನ್ಯಾಗ ಅದಾರಲ್ರೀ ಮೇಡಮ್. ಇವರು ಕಲಿಸಿದ್ದನ್ನ ಮರೆಸೋದು ನನ್ನ ಕೈಲಿ ಆಗೂದಿಲ್ಲ" ಎಂದು ಬೂಟು ಹಾಕಿಕೊಂಡರು. ಅತ್ತೆ ಇದನ್ನು ಹೊಗಳಿಕೆಯೆಂದೇ ತಿಳಿದು ಓಣಿಗೆಲ್ಲ ಹೇಳಿ ಬಂದರು. ಮರುದಿನ ಎದುರು ಮನೆಯಾಕೆ ತನ್ನ ನಾಯಿಯನ್ನು ಅತ್ತೆಯ ಹತ್ತಿರ ಕಲಿಯಲು ತಂದು ಬಿಟ್ಟಳು.

ಪಾಮನಕಲ್ಲೂರಿನ ಗುರು

ಮೊಮ್ಮಗಳ ಬ್ಯಾಗು ನೋಡಿದ ಮೇಲೆ ಅತ್ತೆಗೂ ಕಸಿವಿಸಿಯಾಯಿತು. ತವರೂರಿನಿಂದ ಕುರಿ ಕಾಯುವ ಹಿರಿಯರೊಬ್ಬರನ್ನು ಕರೆಸಿದರು. ಅವರು ನಾಯಿಯ ಹಕೀಕತ್ತು ಕೇಳಿ, "ಕುರಿ ಹಟ್ಟ್ಯಾಗ ನಾವು ಕಂಬಳಿ ಹಾಸಿ ನಾಯಿ ಕುಂದ್ರಸ್ತೀವ್ರೀ. ನಾವು ಬರೂತನಕ ಯಾರಿಗೂ ಮುಟ್ಟಗೊಡಂಗಿಲ್ಲ. ಒಯ್ಯೋ ನಾಯಿಗೆ ಕಾಯೋ ಕೆಲಸ ಹಚ್ಚಿಬಿಡೂಣು" ಅಂದರು.

ಹದಿನೈದು ದಿನ ಬಾಗಿಲ ಮುಂದೆ ಅವರ ಕಂಬಳಿ, ಅದರ ಮೇಲೆ ನಮ್ಮೆಲ್ಲರ ಚಪ್ಪಲಿ, ಪಕ್ಕದಲ್ಲಿ ನಾಯಿ. ಕೂರಿಸುವುದನ್ನೂ ಎಬ್ಬಿಸುವುದನ್ನೂ ಮಗಳಿಗೇ ಕಲಿಸಿದರು. ಎಬ್ಬಿಸಿದ ಮೇಲಷ್ಟೇ ರೊಟ್ಟಿ. ಅತ್ತೆಗೆ ಇದನ್ನು ಕಲಿಸುವುದೇ ಹೆಚ್ಚು ಕಷ್ಟವಾಯಿತು.

ಗಡುವಿನ ಭಾನುವಾರ ಮಾಲೀಕರು ಬಂದರು, ಬೇಕೆಂದೇ ಹೊಸ ಚಪ್ಪಲಿ ಹಾಕಿಕೊಂಡು. ಮಗಳು ನಾಯಿಯನ್ನು ಚಪ್ಪಲಿಯ ಪಕ್ಕ ಕೂರಿಸಿ ಟ್ಯೂಷನ್ನಿಗೆ ಓಡಿದಳು. ಮಾಲೀಕರು ಚಹಾ ಕುಡಿಯುತ್ತ ಎರಡು ಸಲ ಇಣುಕಿದರು. ಚಪ್ಪಲಿ ಎರಡೂ ಇದ್ದವು. "ಪರವಾಗಿಲ್ಲರೀ" ಎಂದು ಎದ್ದು ಹೊರಗೆ ಬಂದು ಚಪ್ಪಲಿಗೆ ಕಾಲು ಚಾಚಿದರು. ನಾಯಿ ಹಲ್ಲು ತೋರಿಸಿತು.

"ಏ, ಇವು ನನ್ನವು!" ಎಂದು ನಾಯಿಗೆ ತಿಳಿಸಿ ಹೇಳಿದರು. ನಾಯಿ ಒಪ್ಪಲಿಲ್ಲ. ಅತ್ತೆ ಗುಟ್ಟಾಗಿ ರೊಟ್ಟಿ ತಂದರು. ಜೀವನದಲ್ಲಿ ಮೊದಲ ಸಲ ನಾಯಿ ರೊಟ್ಟಿಗೆ ಮುಖ ತಿರುಗಿಸಿತು. ಕುರಿಯವರಿಗೆ ಫೋನ್ ಹಚ್ಚಿದೆ. "ಬರೋಬ್ಬರಿ ಕಲ್ತೈತಿ ಬಿಡ್ರಿ!" ಎಂದು ಖುಷಿಯಿಂದ ಇಟ್ಟುಬಿಟ್ಟರು.

ಮಾಲೀಕರು ಒಂದೂವರೆ ತಾಸು ಕೂತರು. ಮೂರು ಸಲ ಚಹಾ ಕುಡಿದರು. ದಢೇಸುಗೂರಿಗೆ ಎಷ್ಟು ಗಂಟೆಗೆ ಬಸ್ಸಿದೆಯೆಂದು ನಾನು ಮನಸ್ಸಿನಲ್ಲೇ ನೆನಪಿಸಿಕೊಂಡೆ. ಮಗಳು ಬಂದು "ಸಾಕು, ಏಳೋ" ಅಂದಳು. ನಾಯಿ ಎದ್ದು ಬಾಲ ಅಲ್ಲಾಡಿಸಿತು. ಮಾಲೀಕರು ಚಪ್ಪಲಿ ಮೆಟ್ಟಿ ಗೇಟಿನತನಕ ಹೋಗಿ ತಿರುಗಿ ನಿಂತರು. ಮಗಳು ನಾಯಿಯನ್ನು ಅವುಚಿಕೊಂಡಳು.

"ಪ್ರತಿ ಸೋಮವಾರ ಗುಡಿಗೆ ಹೋಗ್ತೀನವ್ವ. ವರ್ಷಕ್ಕ ಮೂರು ಜೋಡು ಚಪ್ಲಿ ಅಲ್ಲೇ ಕಳುವಾಗ್ತಾವ. ನಾಳೆ ಮುಂಜಾನೆ ನಾಯಿ ಕರಕೊಂಡು ಬಾ. ನೀನೂ ಅಲ್ಲೇ ನಿಂದ್ರು ಮತ್ತ, ಇಲ್ಲಾಂದ್ರ ನಾ ಮಂಗಳವಾರತನಕ ಗುಡ್ಯಾಗ ಕುಂದ್ರಬೇಕಾಗತೈತಿ."