ಪಾದ್ರಿಗಳ ಮನೆಯ ಮಧ್ಯಾಹ್ನದ ಊಟ

ನಮ್ಮ ಅಣ್ಣಿಗೇರಿಯಲ್ಲಿ ಮಧ್ಯಾಹ್ನದ ಹೊತ್ತು ಜನ ಬಿಸಿಲಿಗೆ ಹೆದರುವುದಿಲ್ಲ, ನಮ್ಮ ಪಕ್ಕದ ಮನೆಯ ಪಾದ್ರಿಗಳಿಗೆ ಹೆದರುತ್ತಾರೆ! ದೇವರ ಮಾತು ಹೇಳಿ ತಲೆ ತಿನ್ನುತ್ತಾರೆ ಅಂದುಕೊಂಡಿರಾ? ಅಲ್ಲವೇ ಅಲ್ಲ. ಊಟಕ್ಕೆ ಕರೆಯುತ್ತಾರೆ!

ಇವರು ಪ್ರಾಟೆಸ್ಟೆಂಟ್ ಚರ್ಚಿನ ಅಯ್ಯನವರು. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಈ ಊರಿಗೆ ವರ್ಗವಾಗಿ ಬಂದು, ಚರ್ಚಿನ ಹಿಂದಿನ ಹಳೇ ಮನೆಯಲ್ಲಿ ಒಬ್ಬರೇ ಇದ್ದಾರೆ. ಸಭೆಯಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಮನೆಗಳು. ರವಿವಾರದ ಉಪದೇಶ ಎಷ್ಟು ಚಿಕ್ಕದೆಂದರೆ, ತುಸು ತಡವಾಗಿ ಹೋದವರಿಗೆ ಕಡೆಯ ಆಶೀರ್ವಾದ ಮಾತ್ರ ಸಿಗುತ್ತದೆ. ಉಳಿದ ದಿನ ಸ್ಕೂಟರ್ ಏರಿ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿ ಬರುವುದು, ಹಾರ್ಮೋನಿಯಂ ಬಾರಿಸುತ್ತ ಕೀರ್ತನೆ ಹಾಡುವುದು, ಅಂಗಳದಲ್ಲಿ ಹೀರೇಬಳ್ಳಿ ಹಬ್ಬಿಸುವುದು. ಇಷ್ಟೇ ಆಗಿದ್ದರೆ ಯಾರ ತಕರಾರೂ ಇರಲಿಲ್ಲ.

ಆದರೆ ಈ ಮನುಷ್ಯನಿಗೆ ಒಬ್ಬರೇ ಕೂತು ಉಣ್ಣಲು ಬರುವುದಿಲ್ಲ! ರೊಟ್ಟಿ ಬಡಿದು, ಪಲ್ಲೆ ಮಾಡಿ, ಎರಡು ತಾಟು ಹಚ್ಚಿಟ್ಟು ಗೇಟಿಗೆ ಬಂದು ನಿಲ್ಲುತ್ತಾರೆ. ನಮ್ಮ ಕಡೆ ಎದುರು ಸಿಕ್ಕವರನ್ನು "ಊಟಾ ಆತ್ರಿ?" ಅಂತ ಕೇಳುವುದು ರೂಢಿ. "ಇನ್ನೂ ಇಲ್ರಿ, ಮಾಡಬೇಕ್ರಿ" ಅಂತ ಅಂದು ನಡೆದುಬಿಡುವುದೂ ರೂಢಿ. ಅಯ್ಯನವರ ಮುಂದೆ ಹಾಗೆಂದಿರೋ, ಮುಗಿಯಿತು ನಿಮ್ಮ ಕಥೆ! ಕೈ ಹಿಡಿದು ಒಳಗೇ ಕರೆದೊಯ್ಯುತ್ತಾರೆ.

ಊಟ ಕೆಟ್ಟದ್ದೇನಲ್ಲ. ಕಷ್ಟವಿರುವುದು ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ. ರೊಟ್ಟಿ ಕೊಟ್ಟ ದೇವರಿಗೆ ಸ್ತೋತ್ರ, ಜೋಳ ಬೆಳೆದವನಿಗೆ ಆಶೀರ್ವಾದ, ಹಿಟ್ಟು ಬೀಸಿದ ಗಿರಣಿಯವನಿಗೆ ಆರೋಗ್ಯ, ಆಮೇಲೆ ಬಂದವರ ಹೆಂಡತಿ, ಮಕ್ಕಳು, ಎಮ್ಮೆ! ಒಮ್ಮೆ ಬಸ್ಸಿನ ಕಂಡಕ್ಟರನೊಬ್ಬ ಸಿಕ್ಕಿಬಿದ್ದ. ಬಸ್ಸಿನ ಟಯರುಗಳಿಗೆ ದೇವರ ಕಾವಲು ಬೇಡುವ ಹೊತ್ತಿಗೆ ಹೊರಗೆ ಡ್ರೈವರು ಹಾರನ್ ಮೇಲೆ ಹಾರನ್ ಹೊಡೆಯತೊಡಗಿದ.

"ಅಯ್ನಾರ, ಲಗೂ ಆಮೆನ್ ಅನ್ರಿ! ಪ್ಯಾಸೆಂಜರ್ ಬೈಯಾಕತ್ತಾರ!"

"ಅವರಿಗೂ ಸಮಾಧಾನ ಕೊಡು ತಂದೆಯೇ," ಎಂದು ಅಯ್ಯನವರು ಕಣ್ಣು ತೆರೆಯದೆ ಮುಂದುವರಿಸಿದರು.

ನಮ್ಮ ಮನೆಯವರೂ ಒಮ್ಮೆ ಸಿಕ್ಕಿದ್ದರು. ನನಗೆ ಗೊತ್ತಾಗದಂತೆ ಮತ್ತೆ ತಂಬಾಕು ಶುರು ಮಾಡಿದ್ದನ್ನು ಅಯ್ಯನವರ ಹತ್ತಿರ ಬಾಯಿಬಿಟ್ಟಿದ್ದರಂತೆ. "ಈ ಸಹೋದರನನ್ನು ತಂಬಾಕಿನಿಂದ ಬಿಡಿಸು" ಎಂಬ ಪ್ರಾರ್ಥನೆ ಗೋಡೆ ದಾಟಿ, ಪಾತ್ರೆ ತಿಕ್ಕುತ್ತಿದ್ದ ನನ್ನ ಕಿವಿಗೆ ಬಿತ್ತು. ದೇವರು ಬಿಡಿಸಿದನೋ ಇಲ್ಲವೋ, ಆ ಸಂಜೆ ನಾನಂತೂ ಬಿಡಿಸಿದೆ!

ಹೀಗಾಗಿ ಊರು ಶಾಣ್ಯಾ ಆಯಿತು. ಮಧ್ಯಾಹ್ನವಾದರೆ ಎಲ್ಲರೂ ಹಿಂದಿನ ಓಣಿ ಹಿಡಿದರು. ಅಯ್ಯನವರು ಬಿಸಿಲಲ್ಲಿ ಗೇಟು ಹಿಡಿದು ನಿಂತೇ ಇರುತ್ತಿದ್ದರು.

ಅದು ಮೊದಲು ಕಣ್ಣಿಗೆ ಬಿದ್ದಿದ್ದು ನಮ್ಮ ಅತ್ತೆಗೆ. ಅವರೇನು ಸಾಮಾನ್ಯರೇ? ಲಿಂಗಪೂಜೆ ಆಗದೆ ಹನಿ ನೀರು ಕುಡಿಯುವುದಿಲ್ಲ, ಪರರ ಮನೆಯಲ್ಲಿ ತುತ್ತು ಉಣ್ಣುವುದಿಲ್ಲ. ಮೊಮ್ಮಗಳ ಮದುವೆಗೂ ತಮ್ಮ ರೊಟ್ಟಿ ಗಂಟು ತಾವೇ ಒಯ್ದವರು!

"ಅಲ್ಲವ್ವಾ, ಅಯ್ನಾರ ಗೇಟಿನ ಮುಂದಿನ ನಾಯಿ ಯಾಕ ಇಷ್ಟ ಮೈ ಹಿಡದೈತಿ?" ಎಂದರು ಒಂದು ದಿನ.

"ಯಾರಿಗೆ ಗೊತ್ರಿ!" ನಾನು ನಕ್ಕೆ.

"ನಗಬ್ಯಾಡ. ಅಯ್ನಾರನ್ನ ನೋಡು, ಗೂಟಕ್ಕ ಅಂಗಿ ಹಾಕಿದಂಗ ಕಾಣ್ತಾರ. ಎರಡೂ ತಾಟು ಆ ನಾಯಿನೇ ತಿನ್ನಾಕತ್ತೈತಿ."

"ಪ್ರಾರ್ಥನಿ ಒಂದೀಟು ಗಿಡ್ಡ ಮಾಡಿದ್ರ ಮಂದಿ ಬರ್ತಾರ್ರಿ."

ಅತ್ತೆ ನನ್ನನ್ನೇ ದಿಟ್ಟಿಸಿದರು. "ಹುಚ್ಚಿ! ಪ್ರಾರ್ಥನಿ ಮುಗದ್ರ ಊಟ. ಊಟ ಮುಗದ್ರ ಮಂದಿ ಎದ್ದು ಹೋಗ್ತಾರ. ಆಮ್ಯಾಲ ಆ ಮನ್ಯಾಗ ಯಾರದಾರ?"

ಆಗ ನನಗೆ ಆ ಎರಡನೆಯ ತಾಟು ನೆನಪಾಯಿತು.

ಮರುದಿನ ಪೂಜೆ ಮುಗಿಸಿ ಅತ್ತೆ ತಮ್ಮ ತಾಟನ್ನು ಹಿತ್ತಲಿಗೆ ತರಿಸಿದರು. ಎರಡು ಮನೆಗಳ ನಡುವಿನ ಗೋಡೆಯ ಬುಡದಲ್ಲಿ ಚಾಪೆ ಹಾಸಿ ಕೂತು ಕೂಗಿದರು:

"ಅಯ್ನಾರ! ನಿಮ್ಮ ತಾಟು ತಗೊಂಡು ಗ್ವಾಡಿ ಹಂತೇಕ ಬರ್ರಿ. ನಿಮ್ಮ ಮನ್ಯಾಗ ನಾ ಉಣ್ಣಂಗಿಲ್ಲ. ಈ ಕಡೆ ಕುಂತು ನಿಮ್ಮ ಕೂಡ ಉಣ್ಣಾಕ ನನಗೇನೂ ಅಡ್ಡಿಯಿಲ್ಲ."

ಗೋಡೆಯ ಆಚೆ ತಾಟು ನೆಲಕ್ಕಿಟ್ಟ ಸಪ್ಪಳ.

"ಅವ್ವಾರ, ನನ್ನ ಪ್ರಾರ್ಥನಿ ಉದ್ದ ಆಗತೈತ್ರಿ..."

"ಆಗ್ಲಿ ಬಿಡ್ರಿ. ನನಗೆಲ್ಲಿ ಹೋಗೂದೈತಿ?"

ಅಯ್ಯನವರು ಶುರು ಮಾಡಿದರು. "ತಂದೆಯೇ, ಈ ಗೋಡೆಯ ಆಚೆ..." ಎಂದರು. ಅಷ್ಟಕ್ಕೇ ಪ್ರಾರ್ಥನೆ ನಿಂತಿತು. ಮತ್ತೆ ಎರಡು ಸಲ ಪ್ರಯತ್ನಿಸಿದರು, ಅಲ್ಲಿಂದ ಮುಂದೆ ಹೋಗಲಿಲ್ಲ. ಕಡೆಗೆ ಅತ್ತೆ ಗೋಡೆಗೆ ಬೆನ್ನು ಹಚ್ಚಿ ಕೂತು, ರೊಟ್ಟಿ ಮುರಿದು ಹೇಳಿದರು:

"ಸಾಕ್ರಿ ಅಯ್ನಾರ, ದೇವರಿಗೆ ತಿಳೀತು. ಸಾವಕಾಶ ಉಣ್ರಿ, ನಾ ಇಲ್ಲೇ ಕುಂತೇನಿ."