ಮೂರು ಬಾತುಕೋಳಿಗಳಿಗೆ ನಾನು ಮಾಡಿಸಿದ ಅಭ್ಯಂಜನ

ಹೆಪ್ಪುಗಟ್ಟಿಸುವುದೇ ನನ್ನ ಉದ್ಯೋಗ. ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಶೀತಲ ಗೋದಾಮಿನಲ್ಲಿ ಬಟಾಣಿ, ಪರೋಟ, ಮೀನುಗಳು ಕರಗದಂತೆ ಕಾಯುವ ಮ್ಯಾನೇಜರ್ ನಾನು. ಹಾಗಿರುವಾಗ ಕ್ವೀನ್ಸ್‌ಬರಿಯ ನಮ್ಮ ಪಕ್ಕದ ಮನೆಯ ಡೊರೀನ್ ಅವರು ಜನವರಿಯಲ್ಲಿ ಸೊಂಟದ ಆಪರೇಷನ್ನಿಗೆ ಹೊರಟು, "ಹತ್ತು ದಿನ ನನ್ನ ಬಾತುಕೋಳಿಗಳಿಗೆ ನೀರು ನೋಡಿಕೊಳ್ತೀಯಾ? ಈ ಚಳಿಗೆ ಹೆಪ್ಪುಗಟ್ಟಿಬಿಡುತ್ತೆ" ಎಂದು ಕೇಳಿದಾಗ ನನಗೆ ನಗು ಬಂತು. ಹೆಪ್ಪಿನ ಒಳಗುಟ್ಟೆಲ್ಲ ಬಲ್ಲವನಿಗೆ ಹೆಪ್ಪು ತಡೆಯುವುದು ಯಾವ ಲೆಕ್ಕ!

"ನಮ್ಮದು ಎಮ್ಮೆ ಸಾಕಿದ ಮನೆತನ, ಡೊರೀನ್" ಎಂದೆ. ಎಮ್ಮೆ ಸಾಕಿದವರು ಧಾರವಾಡದ ನನ್ನ ಅಜ್ಜ. ನಾನು ಏಳನೇ ವಯಸ್ಸಿಗೇ ಅಜ್ಜಿಯ ಸೆರಗು ಹಿಡಿದು ಲಂಡನ್ನಿಗೆ ಬಂದವನು. ಅಜ್ಜಿಯಿಂದ ಕನ್ನಡ ಕಲಿತೆ, ಗಾದೆ ಕಲಿತೆ, ಉಪ್ಪಿನಕಾಯಿ ಹಾಕುವುದನ್ನೂ ಕಲಿತೆ. ಎಮ್ಮೆಯನ್ನು ಮಾತ್ರ ಹತ್ತಿರದಿಂದ ನೋಡಿದವನಲ್ಲ.

"ತಲೆ ಮುಳುಗುವಷ್ಟು ನೀರಿದ್ದರೆ ಸಾಕು, ಲವ್. ಕಣ್ಣು, ಮೂಗು ತೊಳೆದುಕೊಳ್ಳೋಕೆ. ಎಲ್ಲ ಷೆಡ್ಡಿನಲ್ಲಿ ಬರೆದಿಟ್ಟಿದ್ದೀನಿ" ಎಂದು, ಎಲ್ಲರನ್ನೂ ಲವ್ ಎಂದೇ ಕರೆಯುವ ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಎರಡೂ ಕೈಯಿಂದ ಮುಷ್ಟಿ ಮುಚ್ಚಿದರು. ಗಂಡ ಹೋದ ಮೇಲೆ ಆ ಹೆಂಗಸಿಗೆ ಮನೆಯಲ್ಲಿ ಮಾತಿಗೆ ಇರುವವು ಆ ಮೂರೇ. ಅವುಗಳಿಗೆ ಏನೇನೋ ಇಂಗ್ಲಿಷ್ ಹೆಸರುಗಳಿದ್ದವು. ನಾನು ಮೊದಲ ದಿನವೇ ಹಿರೇವ್ವ, ನಡುವವ್ವ, ಸಣ್ಣವ್ವ ಎಂದು ನಾಮಕರಣ ಮಾಡಿದೆ. ಬರೆದಿಟ್ಟದ್ದನ್ನು ಹುಡುಕಿ ಓದಲಿಲ್ಲ. ಎಮ್ಮೆ ಸಾಕಿದ ಮನೆತನದವರು ಚೀಟಿ ಓದುವುದುಂಟೆ!

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಅವರ ಪ್ಲಾಸ್ಟಿಕ್ ತೊಟ್ಟಿ ಕನ್ನಡಿಯಾಗಿತ್ತು. ಮೂವರೂ ಅದರ ಮೇಲೆ ನಿಂತು, ಬ್ಯಾಂಕಿನ ಮುಚ್ಚಿದ ಕಿಟಕಿಯ ಮುಂದೆ ನಿಂತ ಗಿರಾಕಿಗಳ ಹಾಗೆ ಕಾಯುತ್ತಿದ್ದರು. ನಾನು ಮನೆಗೆ ಓಡಿ ಕೆಟಲ್ ತುಂಬ ಕುದಿಯುವ ನೀರು ತಂದು, ಅವರನ್ನು ಆಚೆ ಅಟ್ಟಿ, ಮಂಜುಗಡ್ಡೆಯ ನಡುಮಧ್ಯಕ್ಕೆ ಸುರಿದೆ. ಟಪ್ ಎಂದು ಸದ್ದಾಯಿತು. ಮಂಜುಗಡ್ಡೆ ಒಡೆಯಿತೆಂದು ಹಿಗ್ಗಿದೆ. ಒಡೆದದ್ದು ತೊಟ್ಟಿ.

ಸೋರಿದ ನೀರು ಕಲ್ಲುಹಾಸಿನ ಮೇಲೆ ಹರಡಿ ಹತ್ತು ನಿಮಿಷದಲ್ಲಿ ಗಾಜಾಯಿತು. ಅದರ ಮೇಲೆ ಕಾಲಿಟ್ಟ ನಾನು ಷೆಡ್ಡಿನಿಂದ ಬೇಲಿಯವರೆಗೆ ಕುಳಿತೇ ಪ್ರಯಾಣ ಮಾಡಿದೆ. ಬಾತುಕೋಳಿಗಳು ಗೌರವದಿಂದ ದಾರಿ ಬಿಟ್ಟವು.

ತೊಟ್ಟಿ ಹೋಯಿತು, ಪಾತ್ರೆ ಬೇಕಲ್ಲ? ನನ್ನ ಹೆಂಡತಿ ಗಿರಿಜಾಳ ದೊಡ್ಡ ಸ್ಟೀಲ್ ಪರಾತ ನೆನಪಾಯಿತು. ಅಗಲವಾಗಿತ್ತು, ಆಳವೂ ಸಾಕಾಗಿತ್ತು. ಅದು ಬೇಗ ತಣ್ಣಗಾಗದಿರಲೆಂದು ಸುತ್ತ ಹೊದಿಸಲು ಕಪಾಟಿನಿಂದ ಒಂದು ಕೌದಿಯನ್ನೂ ಎತ್ತಿಕೊಂಡೆ. ಹಳೆಯ ಸೀರೆಗಳ ಚೂರು ಸೇರಿಸಿ ಕೈಯಿಂದ ಹೊಲಿದ ದಪ್ಪನೆಯ ಕೌದಿ. ಅಜ್ಜಿ ಹೇಳುತ್ತಿದ್ದಳು, ಕೌದಿ ಹೊದ್ದವನಿಗೆ ಚಳಿ ಎಲ್ಲಿಯದು! ಅಜ್ಜಿ ಹೇಳಿದ್ದು ಒಣ ಕೌದಿಯ ಬಗ್ಗೆ ಎಂಬುದು ನನಗೆ ಹೊಳೆಯಲಿಲ್ಲ. ಬಾತುಕೋಳಿಗಳು ಇಡೀ ದಿನ ನೀರು ಚೆಲ್ಲಾಡಿದವು.

ಮರುದಿನ ಬೆಳಿಗ್ಗೆ ಗಿರಿಜಾ ಕಪಾಟಿನ ಮುಂದೆ ನಿಂತು ಕೂಗಿದಳು.

"ರೀ, ನಮ್ಮವ್ವನ ಕೌದಿ ಎಲ್ಲೈತ್ರೀ?"

"ಡೊರೀನ್ ಅವರ ಹಿತ್ತಲದಾಗ ಐತಿ."

"ಹಿತ್ತಲದಾಗ ಏನ್ ಮಾಡಾಕತ್ತೈತಿ?"

"ನಿಂತೈತಿ."

ಸುಳ್ಳಲ್ಲ. ನೆನೆದು ಸೆಟೆದ ಕೌದಿ ಯಾರ ಆಸರೆಯೂ ಇಲ್ಲದೆ ಸ್ವಂತ ಕಾಲ ಮೇಲೆ ನಿಂತಿತ್ತು. ಗಿರಿಜಾ ಅದನ್ನು ಬಾಗಿಲಿನ ಹಾಗೆ ಕಂಕುಳಲ್ಲಿ ಹೊತ್ತು ಮನೆಗೆ ಬಂದಳು. "ನಾಳಿಂದ ಆ ಪಕ್ಷಿಗಳಿಗೆ ನಾ ನೀರ ಹಾಕ್ತೀನಿ, ನೀವು ಸುಮ್ಮ ಕೂಡ್ರಿ" ಎಂದಳು.

ಸುಮ್ಮನೆ ಕೂತಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ನನ್ನ ಮಾನವೂ ಉಳಿಯುತ್ತಿತ್ತು.

ಅಂದು ಶನಿವಾರ. ಅವಳು ಅಂಗಡಿಗೆ ಹೋಗಿದ್ದಳು. ನಾನು ಮಧ್ಯಾಹ್ನದ ಊಟಕ್ಕೆ ಕೂತು ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದೆ. ಮೇಲೆ ಎರಡು ಬೆರಳು ಎಣ್ಣೆ ನಿಂತಿತ್ತು. ಅಜ್ಜಿಯ ಮಾತು ಕಿವಿಯಲ್ಲಿ ಕೇಳಿಸಿತು: "ಮ್ಯಾಲೆ ಎಣ್ಣಿ ನಿಂತರ ಒಳಗ ಗಾಳಿ ಹೋಗೂದಿಲ್ಲ, ಮಗಾ." ತುತ್ತು ಕೈಯಲ್ಲೇ ಉಳಿಯಿತು. ಗಾಳಿ ಹೋಗದಿದ್ದರೆ ಚಳಿಯಾದರೂ ಹೇಗೆ ಹೋದೀತು? ಇಷ್ಟು ಸರಳ ಸಂಗತಿ ಇಂಗ್ಲೆಂಡಿನ ವಿಜ್ಞಾನಿಗಳಿಗೆ ಯಾಕೆ ತಿಳಿಯಲಿಲ್ಲ!

ಪರಾತದಲ್ಲಿ ಉಗುರುಬೆಚ್ಚನೆಯ ನೀರು ತುಂಬಿ, ಮೇಲೆ ಅರ್ಧ ಬಾಟಲಿ ಶೇಂಗಾ ಎಣ್ಣೆ ಸುರಿದೆ. ಬಂಗಾರದ ಪದರ ಹರಡಿತು. "ಬರ್ರವ್ವಾ" ಎಂದು ಕರೆದೆ. ಬೆಚ್ಚನೆಯ ನೀರು ಕಂಡ ಮೂವರೂ ನಾ ಮುಂದು ತಾ ಮುಂದು ಎಂದು ಜಿಗಿದರು. ತಲೆ ಮುಳುಗಿಸಿದರು, ರೆಕ್ಕೆ ಬಡಿದರು, ಒಬ್ಬರ ಮೇಲೊಬ್ಬರು ಚೆಲ್ಲಿಕೊಂಡರು. ನರಕ ಚತುರ್ದಶಿಯ ಸಂಭ್ರಮ! ನಾನು ಕೈಕಟ್ಟಿ ನಿಂತು ತೃಪ್ತಿಪಟ್ಟೆ.

ಬಾತುಕೋಳಿಯ ಮೈಮೇಲೆ ನೀರು ನಿಲ್ಲುವುದಿಲ್ಲ, ಮುತ್ತಿನ ಹಾಗೆ ಉರುಳಿ ಬೀಳುತ್ತದೆ. ಅಂದು ಉರುಳಲಿಲ್ಲ. ಗರಿಯೊಳಕ್ಕೆ ಇಳಿಯಿತು. ಕಾಲು ಗಂಟೆಯಲ್ಲಿ ಮೂವರೂ ತೊಯ್ದ ಅರಿವೆಗಳಂತೆ ಅರ್ಧ ಗಾತ್ರವಾಗಿ, ಗೋಡೆಯ ಮೂಲೆಯಲ್ಲಿ ಅಂಟಿಕೊಂಡು ನಡುಗತೊಡಗಿದರು. ಸಣ್ಣವ್ವ ಕಣ್ಣು ಮುಚ್ಚಿದಳು. ಎತ್ತಿಕೊಂಡರೆ ಕಚ್ಚಲಿಲ್ಲ, ಕೊಸರಲಿಲ್ಲ. ತನಗೆ ಈ ಗತಿ ತಂದವನ ಎದೆಗೇ ಮುಖ ಒತ್ತಿಕೊಂಡಳು.

ಆಗ ನನ್ನ ನಗು ಹೋಯಿತು.

ಗಿರಿಜಾ ಚೀಲ ಹಿಡಿದು ಬಂದವಳು ಪರಾತ ನೋಡಿದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

"ಎಣ್ಣಿ ಯಾಕ ಹಾಕೀರಿ?"

"ಉಪ್ಪಿನಕಾಯಿಗೆ ಹಾಕ್ತೇವಲ್ಲ..."

"ಬಾತಕೋಳಿ ಏನು ಮಾವಿನಕಾಯೇನ್ರೀ!"

ಪಶುವೈದ್ಯರ ನಂಬರಿಗೆ ನಾನೇ ಫೋನ್ ಮಾಡಿದೆ. ಆ ಕಡೆಯ ನರ್ಸ್ ಶಾಂತವಾಗಿ ಕೇಳಿದಳು: "ಎಣ್ಣೆ ಹೇಗೆ ಬಿತ್ತು ಸರ್?"

"ಬೀಳಲಿಲ್ಲ, ಹಾಕಿದೆ."

"ಯಾಕೆ?"

"ನಮ್ಮ ಅಜ್ಜಿ ಒಂದು ಮಾತು ಹೇಳ್ತಿದ್ದರು..."

ಗಿರಿಜಾ ಫೋನ್ ಕಿತ್ತುಕೊಂಡಳು. ಅವಳಿಗೆ ಎರಡೇ ನಿಮಿಷದಲ್ಲಿ ಎಲ್ಲ ತಿಳಿಯಿತು. ಈಗಲೇ ಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪು, ಎಣ್ಣೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಆಮೇಲೆ ಗರಿಗಳು ಮತ್ತೆ ನೀರು ತಡೆಯುವ ತನಕ, ಒಂದು ವಾರವಾದರೂ, ಮನೆಯೊಳಗೇ ಇಟ್ಟುಕೊಳ್ಳಬೇಕು. ತಡಮಾಡಿದರೆ ಚಳಿಗೇ ಸಾಯುತ್ತವೆ.

ಎಣ್ಣೆ ಹಚ್ಚಿದ ಮೇಲೆ ಎರೆದುಕೊಳ್ಳಬೇಕಲ್ಲವೆ? ಅಭ್ಯಂಜನ ಸಾಂಗವಾಯಿತು. ನಮ್ಮ ಬಾತ್‌ಟಬ್ಬಿನಲ್ಲಿ ಒಬ್ಬೊಬ್ಬರಿಗೆ ಮೂರು ಮೂರು ಸಲ. ನಾನು ಹಿಡಿದೆ, ಗಿರಿಜಾ ಎರೆದಳು. ಬಾಯಲ್ಲಿ ಬೈಗುಳ, ಬೆರಳಲ್ಲಿ ಮಾತ್ರ ಕೂಸಿಗೆ ಎರೆಯುವ ಮೃದುತನ. ಕೊನೆಗೆ ಹೇರ್‌ಡ್ರೈಯರ್. ಸಣ್ಣವ್ವ ಕಣ್ಣು ಬಿಟ್ಟದ್ದು ಆಗ. ನನ್ನನ್ನು ನೋಡಿ ಮತ್ತೆ ಮುಚ್ಚಿದಳು.

ಗೂಡಿನ ಹುಲ್ಲು ತರಲು ಷೆಡ್ಡಿಗೆ ಹೋದ ಗಿರಿಜಾ ಒಂದು ಕಾಗದ ಹಿಡಿದು ಬಂದಳು. ಬಾಗಿಲಿನ ಒಳಮೈಗೆ ಅಂಟಿಸಿತ್ತಂತೆ. ಬಾಗಿಲು ಒಳಕ್ಕೆ ತೆರೆದು ಗೋಡೆಗೆ ಒರಗುತ್ತಿತ್ತಾದ್ದರಿಂದ ನಾನು ಅದನ್ನು ಕಂಡಿರಲೇ ಇಲ್ಲ. ಡೊರೀನ್ ಅವರ ದುಂಡು ಅಕ್ಷರ: 'ತೊಟ್ಟಿ ಹೆಪ್ಪುಗಟ್ಟಿದರೆ ಬಿಟ್ಟುಬಿಡು. ಕಪ್ಪು ರಬ್ಬರ್ ಬಕೆಟ್ ಸಾಕು. ಬೆಳಿಗ್ಗೆ ಮಗುಚಿ ತುಳಿ, ಮಂಜುಗಡ್ಡೆ ಕಳಚಿ ಬೀಳುತ್ತೆ. ನಲ್ಲಿ ನೀರು ತುಂಬು. ಬೇರೇನೂ ಬೇಡ.' ಕೊನೆಯ ಎರಡು ಪದಗಳ ಕೆಳಗೆ ಎರಡು ಗೆರೆ.

ನನ್ನನ್ನು ಅವರು ಚೆನ್ನಾಗಿಯೇ ಬಲ್ಲರು.

ಇಲ್ಲಿಯವರೆಗಿನದು ದಡ್ಡತನ. ಅದಕ್ಕೆ ಕ್ಷಮೆಯಿದೆ. ಮುಂದಿನದಕ್ಕೆ ಇದೆಯೋ ಇಲ್ಲವೋ ತಿಳಿಯದು. ಆರನೆಯ ದಿನ, ಆಪರೇಷನ್ ಮುಗಿಸಿ ಮಗಳ ಮನೆಯಲ್ಲಿದ್ದ ಡೊರೀನ್ ಫೋನ್ ಮಾಡಿದರು. "ಹೇಗಿದ್ದಾರೆ ನನ್ನ ಹುಡುಗಿಯರು?"

"ಆರಾಮ!" ಎಂದೆ, ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು. ಹಿರೇವ್ವ ಒಳಗಿಂದ ಕೂಗಿದಳು. ಟೈಲ್ಸ್ ಗೋಡೆಗೆ ಅದು ದೇವಸ್ಥಾನದ ಗಂಟೆಯಂತೆ ಮೊಳಗಿತು.

"ಹಿತ್ತಲಲ್ಲಿ ನಿಂತಿರುವ ಒಂದು ಫೋಟೋ ಕಳಿಸು ಲವ್, ನೋಡಬೇಕು ಅನ್ನಿಸಿದೆ."

ನಿಜ ಹೇಳಲು ಅದೇ ಸಮಯ. ಹೇಳಲಿಲ್ಲ. ಫೋನಿನಲ್ಲಿ ಹುಡುಕಿ, ಮೂವರೂ ಹಿತ್ತಲಲ್ಲಿ ಸಾಲಾಗಿ ನಿಂತ ಒಂದು ಒಳ್ಳೆಯ ಫೋಟೋ ಕಳಿಸಿಬಿಟ್ಟೆ. "ಲವ್ಲಿ" ಎಂಬ ಒಂದೇ ಪದ ಬಂತು. ಗೆದ್ದೆನೆಂದು ಗಿರಿಜಾಗೆ ತೋರಿಸಿದೆ.

"ಹಿಂದ ಕೆಂಪಗ ಏನೈತಿ?"

"ಗುಲಾಬಿ."

"ಜನವರಿ ಒಳಗ?"

ನಾನು ಫೋನ್ ಜೇಬಿಗಿಳಿಸಲು ಹೋದೆ, ಅವಳು ಕೈ ತಡೆದಳು.

"ಮತ್ತ ಇದನ್ನ ಹೋದ ಜೂನ್‌ನಾಗ ನಿಮಗ ಕಳಿಸಿದವರು ಯಾರು?"

ಡೊರೀನ್!

"ಭೇಷ್! ಅವರ ಪತ್ರಾನ ಅವರ ವಿಳಾಸಕ್ಕ ಪೋಸ್ಟ್ ಮಾಡೀರಿ."

ಮುಂದಿನ ನಾಲ್ಕು ದಿನ ಅವರೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹತ್ತನೆಯ ದಿನ ಊರುಗೋಲು ಹಿಡಿದು ಅವರು ಕಾರಿನಿಂದ ಇಳಿದು ನೇರ ನಮ್ಮ ಬಾಗಿಲಿಗೇ ಬಂದರು. ನಾನು ಬಾಯಿಪಾಠ ಮಾಡಿಕೊಂಡಿದ್ದ ತಪ್ಪೊಪ್ಪಿಗೆಯ ಭಾಷಣದ ಒಂದು ಸಾಲೂ ನೆನಪಾಗಲಿಲ್ಲ. ಮಹಡಿ ಹತ್ತಿ, ಮೂವರನ್ನೂ ಒಬ್ಬೊಬ್ಬರಾಗಿ ಎತ್ತಿ ತಂದು ಅವರ ಕಾಲ ಬಳಿ ಬಿಟ್ಟೆ. ಅವರು ಕುರ್ಚಿಯಲ್ಲಿ ಕುಸಿದು ಕುಳಿತು ಅತ್ತುಬಿಟ್ಟರು.

"ಆ ಫೋಟೋ ನೋಡಿದ ದಿನವೇ ಅಂದುಕೊಂಡೆ, ಮೂರೂ ಸತ್ತಿವೆ, ನೀನು ಹೇಳಲಾರದೆ ಹಳೆಯದು ಕಳಿಸಿದ್ದೀಯ ಅಂತ. ಕೇಳೋಕೆ ನನಗೆ ಧೈರ್ಯ ಬರಲಿಲ್ಲ."

ನಾಲ್ಕು ದಿನ. ಹೊಲಿಗೆ ಹಾಕಿದ ಸೊಂಟದ ಜೊತೆ ಆ ಮುದುಕಿ ಮೂರು ಸಾವುಗಳನ್ನು ಇಟ್ಟುಕೊಂಡು ಮಲಗಿದ್ದರು. ಅಷ್ಟು ದಿನ ನಾನು ಕಳವಳಪಟ್ಟದ್ದು ನನ್ನ ಮರ್ಯಾದೆಯ ಬಗ್ಗೆ! ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ, ತಲೆ ಎತ್ತದೆ. ಉಪ್ಪಿನಕಾಯಿಯ ಭಾಗಕ್ಕೆ ಬಂದಾಗ ಅವರು ಮೂಗು ಒರೆಸುತ್ತಲೇ ನಕ್ಕರು. ಆ ನಗುವಿಗಿಂತ ನಾಲ್ಕು ಬೈದಿದ್ದರೆ ಹಗುರವಾಗುತ್ತಿತ್ತು. ಕೀಲಿ ಕೊಡಲು ಕೈ ಚಾಚಿದೆ. ತೆಗೆದುಕೊಂಡು ಗಿರಿಜಾಳ ಅಂಗೈಯಲ್ಲಿಟ್ಟು, ಎರಡೂ ಕೈಯಿಂದ ಮುಷ್ಟಿ ಮುಚ್ಚಿದರು.

ಫೆಬ್ರವರಿಯಲ್ಲಿ ಮತ್ತೆ ನೀರು ಹೆಪ್ಪುಗಟ್ಟಿತು. ಡೊರೀನ್ ಇನ್ನೂ ಊರುಗೋಲಿನಲ್ಲಿದ್ದರು. ಗಿರಿಜಾ ಬೆಳಿಗ್ಗೆ ಹೋಗಿ ಕಪ್ಪು ಬಕೆಟ್ ಮಗುಚುತ್ತಾಳೆ, ನಲ್ಲಿ ನೀರು ತುಂಬುತ್ತಾಳೆ. ನಡುವೆ ಒಂದು ಕೆಲಸಕ್ಕೆ ಮಾತ್ರ ನನ್ನನ್ನು ಬೇಲಿಯಾಚೆಯಿಂದ ಕರೆಯುತ್ತಾಳೆ. ಮಗುಚಿದ ಬಕೆಟ್ ಮೇಲೆ ನಿಲ್ಲಲು. ಅಜ್ಜಿಯ ಗಾದೆ, ಗೋದಾಮಿನ ಅನುಭವ, ಎಮ್ಮೆಯ ಮನೆತನ, ಯಾವುದೂ ಬೇಡ. ಬೇಕಾದದ್ದು ನನ್ನ ತೂಕ.

ಹೊಸ ನೀರು ಬಂದ ಕೂಡಲೇ ಹಿರೇವ್ವ, ನಡುವವ್ವ ತಲೆ ಮುಳುಗಿಸುತ್ತಾರೆ. ಸಣ್ಣವ್ವ ಮಾತ್ರ ಮೊದಲು ನನ್ನ ಎರಡೂ ಕೈಗಳನ್ನು ಸರಿಯಾಗಿ ನೋಡುತ್ತಾಳೆ. ಬಾಟಲಿ ಇಲ್ಲವೆಂದು ಖಾತ್ರಿಯಾದ ಮೇಲೇ ಮೂಗು ತೊಳೆದುಕೊಳ್ಳುವುದು!